ತಾಯಿ ಹೇಳಿದ್ದು, ಕಾಗದ ಬರೆದದ್ದು: ಕಾಸರಗೋಡಿನ ಮಕ್ಕಳ ಆರೋಗ್ಯದ ಒಂದು ಚರಿತ್ರೆ

ಮೊದಲೇ ಒಂದು ಮಾತು ಹೇಳಿಬಿಡ್ತೇನೆ: ನಾನು ಕನ್ನಡ ಎಂ.ಎ. ಓದುತ್ತಿರುವವಳು, ವೈದ್ಯಶಾಸ್ತ್ರ ಓದಿದವಳಲ್ಲ. ಹಾಗಾಗಿ ಇವತ್ತು ಮಕ್ಕಳ ಕಾಯಿಲೆಗಳ ಬಗ್ಗೆ ಮಾತಾಡುವಾಗ ನನಗೆ ಗೊತ್ತಿರುವ ದಾರಿಯಿಂದಲೇ, ಅಂದರೆ ಭಾಷೆಯಿಂದಲೇ ಒಳಗೆ ಹೋಗ್ತೇನೆ.

ಮಗುವಿನ ಆರೋಗ್ಯಕ್ಕೆ ನಮ್ಮ ಮನೆಗಳಲ್ಲಿ ಒಂದು ದೊಡ್ಡ ಶಬ್ದಕೋಶವೇ ಇದೆ. ದಡಾರ, ಕೆಪ್ಪಟರಾಯ, ನಾಯಿಕೆಮ್ಮು, ಬಾಲಗ್ರಹ, ದೃಷ್ಟಿ. ಇವು ಕಾಯಿಲೆಯ ಹೆಸರುಗಳು. ಇವುಗಳಿಗಿಂತ ಮುಖ್ಯವಾದ ಇನ್ನೊಂದು ಸಾಲು ಉಂಟು: ಕುತ್ತಿಗೆ ನಿಲ್ಲುವುದು, ಕವುಚಿ ಬೀಳುವುದು, ಕೂರುವುದು, ಅಂಬೆಗಾಲಿಡುವುದು, ತೊದಲುವುದು. ಮಕ್ಕಳ ತಜ್ಞರು ಬೆಳವಣಿಗೆಯ ಮೈಲಿಗಲ್ಲು ಅಂತ ಯಾವುದನ್ನು ಹೇಳ್ತಾರೋ ಅದನ್ನೇ ನಮ್ಮ ಅಜ್ಜಿಯಂದಿರು ಈ ಕ್ರಿಯಾಪದಗಳಲ್ಲಿ ಎಣಿಸಿದ್ದಾರೆ. ಮೂರು ನಾಲ್ಕು ತಿಂಗಳಿಗೆ ಕುತ್ತಿಗೆ ನಿಲ್ಲಬೇಕು, ಒಂಬತ್ತು ತಿಂಗಳೊಳಗೆ ಆಧಾರವಿಲ್ಲದೆ ಕೂರಬೇಕು, ಒಂದೂವರೆ ವರ್ಷದೊಳಗೆ ನಡೆಯಬೇಕು. ಹಾಗಾಗದಿದ್ದರೆ ವೈದ್ಯರಿಗೆ ತೋರಿಸಬೇಕು. ಇಷ್ಟು ಸರಳ ಲೆಕ್ಕ. ಈ ಲೆಕ್ಕ ತಪ್ಪಿದ್ದನ್ನು ಮೊದಲು ಕಂಡವಳು ತಾಯಿಯೇ. ಆದರೆ ಅವಳ ಮಾತು ಕಾಗದಕ್ಕೆ ಬರಲು ನಮ್ಮ ಜಿಲ್ಲೆಯಲ್ಲಿ ಎಷ್ಟು ಕಾಲ ಹಿಡಿಯಿತು, ಬರುವಾಗ ಏನೇನು ಬಿಟ್ಟುಹೋಯಿತು ಎನ್ನುವುದು ಈ ಪ್ರಬಂಧದ ಪ್ರಶ್ನೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳ್ತೇನೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆಮೇಲೆ ಕೇರಳದ ಕಣ್ಣೂರು ಜಿಲ್ಲೆಗೆ ಸೇರಿತು, 1984ರಲ್ಲಿ ತಾನೇ ಜಿಲ್ಲೆಯಾಯಿತು. ಆಡಳಿತದ ದಿಕ್ಕು ತೆಂಕಿಗೆ ತಿರುಗಿತು. ಆದರೆ ಮಗುವಿಗೆ ಜ್ವರ ಏರಿದಾಗ ಜನ ಹೋದದ್ದು ಬಡಗಿಗೇ. ಮಂಗಳೂರಿಗೆ ಸುಮಾರು ಐವತ್ತು ಕಿಲೋಮೀಟರ್, ತಿರುವನಂತಪುರಕ್ಕೆ ಐನೂರಕ್ಕೂ ಹೆಚ್ಚು. ಗಡಿ ಎಳೆದವರು ಯಾರೂ ರಾತ್ರಿ ಹನ್ನೊಂದಕ್ಕೆ ಸೆಳೆತ ಬಂದ ಮಗುವನ್ನು ಎತ್ತಿಕೊಂಡು ಬಸ್ಸಿಗೆ ಕಾದವರಲ್ಲ.

ಈಗ ಎಣ್ಮಕಜೆ ಪಂಚಾಯತಿನ ಪಡ್ರೆಗೆ ಬರೋಣ. ಕನ್ನಡ, ತುಳು, ಮಲಯಾಳ, ಮರಾಠಿ ಎಲ್ಲ ಕೇಳುವ ಊರು. ಗುಡ್ಡದ ಮೇಲೆ ಪ್ಲಾಂಟೇಶನ್ ಕಾರ್ಪೊರೇಶನ್ ಆಫ್ ಕೇರಳದ ಗೇರು ತೋಟ, ಕೆಳಗೆ ಅಡಿಕೆ ತೋಟ, ಮನೆ, ತೋಡು. ಕುಡಿಯುವ ನೀರು ಹಲವು ಮನೆಗಳಿಗೆ ಗುಡ್ಡಕ್ಕೇ ಅಡ್ಡವಾಗಿ ಕೊರೆದ ಸುರಂಗಗಳಿಂದ ಬರುವಂಥದ್ದು. ಗೇರಿನ ಚಿಗುರು ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದ ಕೊನೆಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಮೇಲೆ ಬಿದ್ದದ್ದು ಕೆಳಗೆ ಇಳಿಯದೆ ಇರ್ತದಾ?

ಪಡ್ರೆಯ ವಾಣಿನಗರದಲ್ಲಿ 1980ರ ದಶಕದಿಂದ ವೃತ್ತಿಯಲ್ಲಿದ್ದವರು ಡಾ. ವೈ.ಎಸ್. ಮೋಹನ ಕುಮಾರ್. ದೊಡ್ಡ ಆಸ್ಪತ್ರೆಯ ತಜ್ಞರಲ್ಲ, ಹಳ್ಳಿಯ ಡಾಕ್ಟರು. ಅಪಸ್ಮಾರ, ಬುದ್ಧಿಮಾಂದ್ಯ, ಹುಟ್ಟಿನಿಂದಲೇ ಬಂದ ಅಂಗವೈಕಲ್ಯ, ಕ್ಯಾನ್ಸರ್, ಇವು ಒಂದು ಸಣ್ಣ ಪ್ರದೇಶದಲ್ಲಿ ವಿಪರೀತವಾಗಿ ಕಾಣಿಸುತ್ತಿವೆ ಎಂದು ಗಮನಿಸಿದವರು ಅವರು. ಪತ್ರಕರ್ತ ಶ್ರೀ ಪಡ್ರೆ ಅದನ್ನು ಹೊರಜಗತ್ತಿಗೆ ಬರೆದರು. ಜಿಲ್ಲೆಯ ತೆಂಕು ಭಾಗದ ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮ 1998ರಲ್ಲಿ ಕೋರ್ಟಿನಿಂದ ಸಿಂಪಡಣೆಗೆ ತಡೆ ತಂದರು. ಇಲ್ಲಿ ನನಗೆ ಮುಖ್ಯ ಅನಿಸುವುದು ಒಂದೇ. ಪಡ್ರೆಯಲ್ಲಿ ಮೊದಲು ಗುರುತಿಸಿದ್ದು ಯಂತ್ರವಲ್ಲ, ಪ್ರಯೋಗಾಲಯವಲ್ಲ. ಒಂದೇ ಊರಿನ ತಾಯಂದಿರು ವರ್ಷಗಟ್ಟಲೆ ಹೇಳಿದ್ದನ್ನು ಅವರ ಮಾತಿನಲ್ಲೇ ಕೇಳಿಸಿಕೊಂಡ ಒಬ್ಬ ವೈದ್ಯರ ಕಿವಿ.

ಆಮೇಲೆ ದೊಡ್ಡ ಕಾಗದಗಳು ಬಂದವು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಮಕ್ಕಳನ್ನು ಸಿಂಪಡಣೆ ನಡೆಯದ ಮೀಂಜದ ಮಕ್ಕಳ ಜೊತೆ ಹೋಲಿಸಿ 2002ರಲ್ಲಿ ವರದಿ ಕೊಟ್ಟಿತು. ಪಡ್ರೆಯ ಮಕ್ಕಳಲ್ಲಿ ಕಲಿಕೆಯ ತೊಂದರೆ, ಹುಟ್ಟು ನ್ಯೂನತೆ ಹೆಚ್ಚು ಕಂಡವು. ಅದೇ ಅಧ್ಯಯನದಿಂದ 2003ರಲ್ಲಿ ಪ್ರಕಟವಾದ ಲೇಖನದಲ್ಲಿ ಇಲ್ಲಿನ 117 ಹುಡುಗರನ್ನು ಅಲ್ಲಿನ 90 ಹುಡುಗರ ಜೊತೆ ಹೋಲಿಸಿ, ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂದು ತೋರಿಸಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲೇ ಎಂಡೋಸಲ್ಫಾನ್ ನಿಲ್ಲಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ಮೂರು ತಿಂಗಳಲ್ಲಿ 5 ಲಕ್ಷ ರೂಪಾಯಿ ಕೊಡಿ ಎಂದಿತು. ಐದು ವರ್ಷದ ನಂತರ, 2022ರಲ್ಲಿ, ಕೋರ್ಟಿನ ಬಾಗಿಲು ತಟ್ಟಿದ ಎಂಟು ಜನರಿಗೆ ಮಾತ್ರ ಹಣ ಕೊಟ್ಟಿದ್ದಕ್ಕೆ ಸರಕಾರವನ್ನು ಅದೇ ಕೋರ್ಟ್ ತರಾಟೆಗೆ ತೆಗೆದುಕೊಂಡಿತು. ಮೂರು ತಿಂಗಳು ಹಸುಗೂಸು ಕುತ್ತಿಗೆ ನಿಲ್ಲಿಸುವ ಕಾಲ. ಐದು ವರ್ಷ ಅದು ಶಾಲೆಗೆ ಹೋಗುವ ಕಾಲ.

ಈಗ ನಾನು ಕಂಡ ಒಂದು ಸಂಗತಿ. ಅರ್ಜಿ ತುಂಬಲು ನೆರವಾಗಲಿಕ್ಕೆ ಒಮ್ಮೆ ಹೋಗಿದ್ದಾಗ ಪೆರ್ಲದ ಕಡೆಯ ಒಬ್ಬರು ಅಕ್ಕ ಮಗನ ಬಗ್ಗೆ ಹೇಳಿದರು: "ಐದು ತಿಂಗಳಾದ್ರೂ ತಲೆ ಎತ್ತಲಿಲ್ಲ ಮಗಾ. ಹಾಲು ಕುಡಿಸಿದ್ರೆ ಬಾಯಿಯ ಒಂದು ಬದಿಯಿಂದ ಹೊರಗೆ ಬರ್ತಿತ್ತು. ಗುಡುಗು ಬಂದ ರಾತ್ರಿ ಮೊದಲ ಸಲ ಸೆಳೆತ ಬಂತು. ಎತ್ತಿಕೊಂಡು ಹೋಗಲಿಕ್ಕೆ ಇವರೂ ಇರಲಿಲ್ಲ." ತುಳು ಬೆರೆತ ಕನ್ನಡದಲ್ಲಿ ಹತ್ತು ನಿಮಿಷ ಹೇಳಿದರು. ಮಲಯಾಳದ ಅರ್ಜಿಯಲ್ಲಿ ಕಾಯಿಲೆಯ ಎದುರಿಗೆ ಇದ್ದದ್ದು ಒಂದೇ ಗೆರೆಯ ಜಾಗ. ನಾನು ಬರೆದದ್ದು ಎರಡು ಶಬ್ದ: ಸೆರೆಬ್ರಲ್ ಪಾಲ್ಸಿ. ವೈದ್ಯಕೀಯವಾಗಿ ಅದು ತಪ್ಪಲ್ಲ, ಅವರ ಹಳೆಯ ಚೀಟಿಯಲ್ಲೂ ಅದೇ ಇತ್ತು. ಆದರೆ ಯಾವ ತಿಂಗಳಿಂದ, ಹಾಲು ಹೇಗೆ, ಸೆಳೆತ ಎಷ್ಟು ಸಲ ಎಂಬ ವಿವರ ಎಲ್ಲೂ ಉಳಿಯಲಿಲ್ಲ. ಬೇರೆ ಭಾಷೆಯ ಡಾಕ್ಟರು ಬಂದಾಗಲೆಲ್ಲ ಅಕ್ಕ ಮೊದಲಿಂದ ಹೇಳಬೇಕು. ಸಾಕಾಗಿ ಈಗ ಅವರೂ ಎರಡೇ ಶಬ್ದ ಹೇಳ್ತಾರೆ.

ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲಿ ಕನ್ನಡ ಅಲ್ಪಸಂಖ್ಯಾತರು ಸರಕಾರದ ಜೊತೆ ಕನ್ನಡದಲ್ಲೇ ವ್ಯವಹರಿಸುವ ಅವಕಾಶ ಉಂಟು. ನಾವು ಅದನ್ನು ಶಾಲೆ, ಪಿಎಸ್‌ಸಿ ಪರೀಕ್ಷೆ, ಬೋರ್ಡುಗಳ ವಿಷಯದಲ್ಲಿ ನೆನಪಿಸಿಕೊಳ್ತೇವೆ. ಲಸಿಕೆ ಕಾರ್ಡು, ಔಷಧಿ ಚೀಟಿಯ ವಿಷಯದಲ್ಲಿ ಅಷ್ಟಾಗಿ ನೆನಪಾಗುವುದಿಲ್ಲ. ಸಾಹಿತ್ಯದಲ್ಲೂ ಇದೇ ಕಥೆ: ಈ ಊರಿನ ನೋವನ್ನು ದೂರಕ್ಕೆ ಒಯ್ದ ಅಂಬಿಕಾಸುತನ್ ಮಾಂಙಾಡರ 2009ರ ಕಾದಂಬರಿ 'ಎಣ್ಮಕಜೆ' ಮಲಯಾಳದ್ದು. ಅದು ದೂರಲ್ಲ, ಅವರಿಗೆ ನಾವು ಋಣಿಗಳು. ಆದರೆ ಕನ್ನಡ ಓದುವ ನಮಗೆ ಅದು ಒಂದು ಪ್ರಶ್ನೆಯಂತೂ ಹೌದು.

ದೂರದ ಪ್ರಶ್ನೆ ಈಗಲೂ ಮುಗಿದಿಲ್ಲ. ಬದಿಯಡ್ಕದ ಹತ್ತಿರದ ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾಯಿತು. 2020ರ ಮಾರ್ಚಿನಲ್ಲಿ ಕರ್ನಾಟಕ ತಲಪಾಡಿಯ ಗಡಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದಾಗ ಮಂಗಳೂರಿನ ದಾರಿ ನಿಂತಿತು. ಚಿಕಿತ್ಸೆ ಸಿಗದೆ ರೋಗಿಗಳು ಸತ್ತ ವರದಿಗಳು ಬಂದವು, ಹೈಕೋರ್ಟ್ ಮಧ್ಯೆ ಬರಬೇಕಾಯಿತು. ಆ ಮಣ್ಣು ಸುರಿದದ್ದು ಕನ್ನಡ ನಾಡಿನ ಸರಕಾರ ಅಂತಲೂ ನಾವು ಬರೆದಿಡಬೇಕು.

ಪ್ರಶ್ನೋತ್ತರದಲ್ಲಿ ಒಬ್ಬರು ಕೇಳಿದರು: "ಎಲ್ಲದಕ್ಕೂ ಎಂಡೋಸಲ್ಫಾನೇ ಕಾರಣ ಅಂತ ಹೇಳಬಹುದಾ?" ಹಾಗೆ ಹೇಳಲಾಗದು. ಮಗುವಿನ ಬೆಳವಣಿಗೆ ತಡವಾಗಲು ಹೆರಿಗೆಯ ತೊಂದರೆಯಿಂದ ಹಿಡಿದು ಹಲವು ಕಾರಣ ಇರ್ತವೆ. ಒಂದೊಂದು ಮಗುವಿನ ವಿಷಯದಲ್ಲಿ ಇದೇ ಅಂತ ತೋರಿಸುವುದು ಕಷ್ಟ, ಕೆಲವು ಕೃಷಿ ವಿಜ್ಞಾನಿಗಳು ಈಗಲೂ ಒಪ್ಪುವುದಿಲ್ಲ. ಆದರೆ ಕಾರಣದ ಜಗಳ ಮುಗಿಯುವವರೆಗೆ ಮಗು ಕಾಯುವುದಿಲ್ಲ. ಬೇಗ ಗುರುತಿಸಿ ವ್ಯಾಯಾಮ ಚಿಕಿತ್ಸೆ ಶುರು ಮಾಡಿದಷ್ಟೂ ಅದಕ್ಕೆ ಒಳ್ಳೆಯದು. ಕಾರಣ ಯಾವುದೇ ಇದ್ದರೂ ಆ ಚಿಕಿತ್ಸೆ ಬೇಕೇ ಬೇಕು.

ನನ್ನ ಸಲಹೆ ಸಣ್ಣದು. ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳು ಕ್ಷೇತ್ರಕಾರ್ಯ ಅಂತ ಪಾಡ್ದನ, ಗಾದೆ ಸಂಗ್ರಹಿಸ್ತೇವೆ. ಅದರ ಜೊತೆ ಈ ತಾಯಂದಿರು ಹೇಳುವುದನ್ನೂ ತಿಂಗಳು, ವರ್ಷದ ಸಮೇತ ಅವರ ಮಾತಿನಲ್ಲೇ ಬರೆದು, ಮಲಯಾಳಕ್ಕೆ ಅನುವಾದಿಸಿ, ಒಂದು ಪ್ರತಿ ಅವರ ಕೈಗೇ ಕೊಡೋಣ. ಮುಂದಿನ ಡಾಕ್ಟರ ಎದುರು ಆ ಅಕ್ಕ ಎರಡು ಶಬ್ದಕ್ಕೆ ನಿಲ್ಲಿಸಬೇಕಾಗದು.