ಸಾವಧಾನ ತರಬೇತಿ (ಪದವಿ ಪ್ರಥಮ ವರ್ಷದ ವಿದ್ಯಾರ್ಥಿಗಳಿಗೆ)

ಪಿಯುಸಿ ಮುಗಿಸಿ ಪದವಿಗೆ ಸೇರಿದವರು ಹೊಸ ಪರಿಸರಕ್ಕೆ ಒಗ್ಗಿಕೊಳ್ಳಲು ನೆರವಾಗುವ ಮಾನಸಿಕ ಅಭ್ಯಾಸಕ್ರಮ. ಮೈಂಡ್‌ಫುಲ್‌ನೆಸ್ ತರಬೇತಿ ಎಂದೂ ಕರೆಯುವುದುಂಟು. ಉಸಿರು, ಮೈಯ ಸಂವೇದನೆ, ಮನಸ್ಸಿನಲ್ಲಿ ಏಳುವ ಯೋಚನೆಗಳನ್ನು ಒಳ್ಳೆಯದು, ಕೆಟ್ಟದು ಎಂದು ತೂಗದೆ ಇದ್ದಂತೆಯೇ ಗಮನಿಸುವುದು ಇದರ ತಿರುಳು.

ಹಿನ್ನೆಲೆ: ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಂಥ ಗ್ರಾಮೀಣ ಪ್ರದೇಶದ ಮಕ್ಕಳಿಗೆ ಪದವಿಯ ಮೊದಲ ವರ್ಷ ಹಲವು ಬದಲಾವಣೆಗಳನ್ನು ಒಟ್ಟಿಗೇ ತರುತ್ತದೆ. ವಿಜಯಪುರ, ದೇವನಹಳ್ಳಿ ಇಲ್ಲವೇ ಬೆಂಗಳೂರಿಗೆ ಬಸ್ಸಿನಲ್ಲಿ ಓಡಾಟ, ಕನ್ನಡ ಮಾಧ್ಯಮದಿಂದ ಇಂಗ್ಲಿಷ್ ಪಾಠಕ್ಕೆ ಜಿಗಿತ, ಸೆಮಿಸ್ಟರ್ ಪರೀಕ್ಷೆ, ಪರಿಚಯವಿಲ್ಲದ ಸಹಪಾಠಿಗಳು. ಮನೆಯಲ್ಲಿ ಕಾಲೇಜು ಕಂಡವರೇ ಇಲ್ಲದಿದ್ದರೆ ದಾರಿ ತೋರಿಸುವವರೂ ಇರುವುದಿಲ್ಲ. ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಒದಗಿಸುವ ಜೂನ್ 2023ರ ಶಕ್ತಿ ಯೋಜನೆ ವಿದ್ಯಾರ್ಥಿನಿಯರ ಬಸ್ ಖರ್ಚನ್ನು ಇಳಿಸಿತು. ಪ್ರಯಾಣದ ದಣಿವು ಉಳಿದಿದೆ.

ಮೂಲ: ಅಭ್ಯಾಸದ ಬೇರು ಪಾಲಿ ಭಾಷೆಯ ಬೌದ್ಧ ಗ್ರಂಥ ಸತಿಪಟ್ಠಾನ ಸುತ್ತದಲ್ಲಿದೆ. ಎಸ್. ಎನ್. ಗೋಯೆಂಕಾ 1969ರಿಂದ ಭಾರತದಲ್ಲಿ 10 ದಿನಗಳ ವಿಪಶ್ಯನ ಧ್ಯಾನ ಶಿಬಿರಗಳನ್ನು ನಡೆಸಿದರು. ಬೆಂಗಳೂರಿನ ಹೊರವಲಯದ ಆಲೂರಿನ ಧಮ್ಮ ಪಫುಲ್ಲ ಕೇಂದ್ರ ಈ ಪರಂಪರೆಯದು. 1979ರಲ್ಲಿ ಅಮೆರಿಕದ ಜಾನ್ ಕಬಟ್-ಜಿನ್ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಧಾರ್ಮಿಕ ಚೌಕಟ್ಟಿಲ್ಲದ ಒತ್ತಡ ನಿವಾರಣಾ ತರಬೇತಿ ಆರಂಭಿಸಿದರು. ಅದು 8 ವಾರಗಳ ಕ್ರಮವಾಗಿ ರೂಪುಗೊಂಡಿತು. ಕಾಲೇಜು ವಯಸ್ಸಿನವರಿಗೆಂದೇ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಕೋರು’ 4 ವಾರಗಳದು.

ವಿಧಾನ: ವಾರಕ್ಕೊಂದು ತರಗತಿ ಹಾಗೂ ದಿನವೂ ಸ್ವಂತ ಅಭ್ಯಾಸ ಸಾಮಾನ್ಯ ಕ್ರಮ. ಉಸಿರಿನ ಗಮನ, ಅಂಗಾಲಿನಿಂದ ನೆತ್ತಿಯವರೆಗೆ ದೇಹವನ್ನು ಗಮನಿಸುವುದು, ನಿಧಾನ ನಡಿಗೆ ಮುಖ್ಯ ಅಭ್ಯಾಸಗಳು. ಬಸ್ಸಿನಲ್ಲಿ ಕೂತಾಗಲೂ ಉಸಿರನ್ನು ಗಮನಿಸಬಹುದು. ‘ಎಲ್ಲರಿಗೂ ಅರ್ಥವಾಯಿತು, ನನಗೆ ಮಾತ್ರ ಆಗಲಿಲ್ಲ’ ಎಂಬ ಅಳುಕು ಬರೀ ಯೋಚನೆ, ತೀರ್ಪಲ್ಲ ಎಂದು ಗುರುತಿಸಿದ ವಿದ್ಯಾರ್ಥಿಗೆ ಕೈಯೆತ್ತಿ ಪ್ರಶ್ನೆ ಕೇಳುವುದು ಸುಲಭವಾಗುತ್ತದೆ.

ಪರಿಣಾಮ: ಕೇಂಬ್ರಿಜ್ ವಿಶ್ವವಿದ್ಯಾಲಯದ 616 ವಿದ್ಯಾರ್ಥಿಗಳ ಅಧ್ಯಯನದಲ್ಲಿ, 8 ವಾರಗಳ ತರಬೇತಿ ಪಡೆದವರಲ್ಲಿ ಪರೀಕ್ಷಾ ಕಾಲದ ಮಾನಸಿಕ ಸಂಕಟ ಉಳಿದವರಿಗಿಂತ ಕಡಿಮೆಯಿತ್ತು. ಇದಕ್ಕೆ ವ್ಯತಿರಿಕ್ತವಾಗಿ, ಬ್ರಿಟನ್ನಿನ ಶಾಲಾ ಮಕ್ಕಳ ದೊಡ್ಡ ಅಧ್ಯಯನ (2022) ಎಲ್ಲರಿಗೂ ಒಟ್ಟಾಗಿ ಕೊಟ್ಟ ಇಂಥ ಪಾಠದಿಂದ ವಿಶೇಷ ಲಾಭ ಕಾಣಲಿಲ್ಲ. ಆದ್ದರಿಂದ ತರಬೇತಿ ಐಚ್ಛಿಕವಾಗಿರುವುದು ಒಳ್ಳೆಯದು.

ಕರ್ನಾಟಕದಲ್ಲಿ ನೆರವು: ಯುಜಿಸಿಯ ‘ದೀಕ್ಷಾರಂಭ’ (2019) ಹೊಸ ವಿದ್ಯಾರ್ಥಿಗಳ ಪರಿಚಯ ಕಾರ್ಯಕ್ರಮಕ್ಕೆ ಮಾರ್ಗದರ್ಶಿ, ಇಂಥ ತರಬೇತಿಯನ್ನು ಅದರೊಂದಿಗೆ ಜೋಡಿಸಬಹುದು. ನಿಮ್ಹಾನ್ಸ್ ಸಹಯೋಗದ ರಾಜ್ಯ ಸರ್ಕಾರದ ‘ಯುವ ಸ್ಪಂದನ’ ಯುವಜನರಿಗೆ ಆಪ್ತ ಮಾರ್ಗದರ್ಶನ ನೀಡುತ್ತದೆ. 10 ಅಕ್ಟೋಬರ್ 2022ರಂದು ಆರಂಭವಾದ ಮಾನಸಿಕ ಆರೋಗ್ಯ ಸೇವೆ ಟೆಲಿ-ಮಾನಸ್‌ನ ಉಚಿತ ಸಹಾಯವಾಣಿ 14416.

ಮಿತಿ: ತೀವ್ರ ಖಿನ್ನತೆ ಅಥವಾ ಹಿಂದಿನ ಆಘಾತ ಇರುವವರಿಗೆ ಕಣ್ಣುಮುಚ್ಚಿ ಕೂರುವುದೇ ಸಂಕಟ ಹೆಚ್ಚಿಸಬಹುದು, ಅವರಿಗೆ ವೈದ್ಯರ ಸಲಹೆ ಮೊದಲು. ಇಂಗ್ಲಿಷ್ ಕಲಿಕೆಗೆ ಸೇತುಬಂಧ ತರಗತಿ, ವಿಚಾರಿಸಿಕೊಳ್ಳುವ ಅಧ್ಯಾಪಕರು, ಹೊತ್ತಿಗೆ ಸರಿಯಾಗಿ ಬರುವ ಬಸ್ಸು, ಇವುಗಳ ಕೊರತೆಯನ್ನು ಸಾವಧಾನ ತುಂಬಲಾರದು. ಇವೆಲ್ಲ ಇದ್ದ ಕಡೆ ಅದರ ಫಲವೂ ಹೆಚ್ಚು.