ಕಲಾಯಿಯಿಂದ ನಿಕಲ್‌ವರೆಗೆ

ಗಾಳಿಬೀಡಿನ ಮಳೆಗೆ ಕಬ್ಬಿಣ ಎಷ್ಟು ಬೇಗ ತುಕ್ಕು ಹಿಡಿಯುತ್ತದೆಂದು ನೀವು ಬಲ್ಲಿರಿ. ಲೋಹಕ್ಕೆ ಲೋಹದ ಹೊದಿಕೆ ಕೊಡುವ ವಿದ್ಯೆ ಹಳೆಯದು. ತವರಕ್ಕಿರುವ ಅರಬಿ ಹೆಸರೇ ಉರ್ದುವಿನಲ್ಲಿ 'ಕಲಈ', ಕನ್ನಡದಲ್ಲಿ 'ಕಲಾಯಿ' ಆಯಿತು. ಕಲಾಯಿಗಾರನು ತಾಮ್ರದ ಪಾತ್ರೆಯನ್ನು ಉಜ್ಜಿ, ಕಾಯಿಸಿ, ನವಸಾಗರದಿಂದ ಶುಚಿಗೊಳಿಸಿದ ಮೇಲೆಯೇ ತವರ ಸವರುತ್ತಾನೆ. ಜಿಡ್ಡು, ಕಿಲುಬು ಉಳಿದಲ್ಲಿ ತವರ ಹಿಡಿಯದು.

1751ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಟ್ ನಿಕಲ್ಲನ್ನು ಗುರುತಿಸಿದರು. 1916ರಲ್ಲಿ ಅಮೆರಿಕದ ವಾಟ್ಸ್ ರೂಪಿಸಿದ ನಿಕಲ್ ಲೇಪನದ ದ್ರಾವಣ ಇಂದಿಗೂ ಬಳಕೆಯಲ್ಲಿದೆ. ನಿಯಮ ಮಾತ್ರ ಕಲಾಯಿಗಾರನದೇ. ಜಿಡ್ಡು ತೆಗೆದು, ಆಮ್ಲದಲ್ಲಿ ತೊಳೆಯದ ಕಬ್ಬಿಣಕ್ಕೆ ನಿಕಲ್ ಸರಿಯಾಗಿ ಅಂಟದೆ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ನೀರು ಸೋಕಿದಾಗ ನಿಕಲ್ ಉಳಿದು ಕಬ್ಬಿಣವೇ ಸವೆಯುವುದರಿಂದ, ಅಲ್ಲಿ ತುಕ್ಕು ಇನ್ನೂ ಬೇಗ ಆಳಕ್ಕಿಳಿಯುತ್ತದೆ.

ಸ್ಟೀಲ್ ಪಾತ್ರೆಗಳು ಬಂದ ಮೇಲೆ ಕಲಾಯಿಗಾರರು ವಿರಳರಾಗಿದ್ದಾರೆ. ಅವರ ಕೈ ಬಲ್ಲದ್ದು ರಸಾಯನಶಾಸ್ತ್ರವೇ. ಸಿಕ್ಕಾಗ ಕೇಳಿ, ಬರೆದಿಡಿ.