ಎರವಲು ವಾಕ್ಯದ ಹೊಣೆ ಯಾರದು?

ಇನ್ನೊಬ್ಬರ ಮಾತನ್ನು ಎತ್ತಿಕೊಳ್ಳುವ ಚರ್ಚೆ ನಮಗೆ ಹೊಸದಲ್ಲ. ಸಾವಿರ ವರ್ಷಗಳ ಹಿಂದೆಯೇ ರಾಜಶೇಖರ ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಶಬ್ದಹರಣ, ಅರ್ಥಹರಣಗಳಿಗೆ ಅಧ್ಯಾಯಗಳನ್ನೇ ಮೀಸಲಿಟ್ಟು, ಎರವಲುಗಳನ್ನು ಬಗೆಬಗೆಯಾಗಿ ವಿಂಗಡಿಸಿದ. ಕಾವ್ಯದಲ್ಲಿ ಈ ತೀರ್ಪು ಸಹೃದಯರದು. ಸಂಶೋಧನೆಯಲ್ಲಿ ಅದು ಪತ್ರಿಕೆಯ ಸಂಪಾದಕರ ಮೇಲೆ ಬಿತ್ತು.

ನಮ್ಮ ರಾಜ್ಯದಲ್ಲಿ ಈ ಪ್ರಶ್ನೆ ಮನೆಮಾತಾದದ್ದು 2012ರ ಆರಂಭದಲ್ಲಿ. ಬೆಂಗಳೂರಿನ ಸಿ.ಎನ್.ಆರ್. ರಾವ್ ಅವರೂ ಸೇರಿ ನಾಲ್ವರು ಬರೆದ ಗ್ರಾಫೀನ್ ಕುರಿತ ಪ್ರಬಂಧ 2011ರಲ್ಲಿ ‘ಅಡ್ವಾನ್ಸ್ಡ್ ಮೆಟೀರಿಯಲ್ಸ್’ ಪತ್ರಿಕೆಯಲ್ಲಿ ಬಂದಿತ್ತು. ಅದರ ಕೆಲವು ವಾಕ್ಯಗಳು 2010ರಲ್ಲಿ ‘ಅಪ್ಲೈಡ್ ಫಿಸಿಕ್ಸ್ ಲೆಟರ್ಸ್’ನಲ್ಲಿ ಪ್ರಕಟವಾದ ಬೇರೆಯವರ ಬರಹದಿಂದ ಬಂದವು. ಲೇಖಕರು ಕ್ಷಮೆ ಕೋರಿದರು, ಪತ್ರಿಕೆ ಅದನ್ನು ಅಚ್ಚುಮಾಡಿತು. ಪ್ರಬಂಧವನ್ನು ಹಿಂತೆಗೆಯಲಿಲ್ಲ. ಆ ವಾಕ್ಯಗಳು ಬಂದದ್ದು ವಿದ್ಯಾರ್ಥಿಯ ಬರವಣಿಗೆಯಿಂದ ಎಂಬ ವಿವರಣೆ ಬಂದಾಗ ವಾದ ಬಿಸಿಯಾಯಿತು: ಹೆಸರು ಹಾಕಿದ ಹಿರಿಯರು ಓದಲಿಲ್ಲವೇ?

ಪತ್ರಿಕೆಗಳ ನಡಾವಳಿ ಆ ವೇಳೆಗಾಗಲೇ ರೂಪುಗೊಂಡಿತ್ತು. 1997ರಲ್ಲಿ ಬ್ರಿಟನ್ನಿನ ಸಂಪಾದಕರು ಸೇರಿ ಕಟ್ಟಿದ ‘ಕೋಪ್’ ಎಂಬ ಸಮಿತಿಯ ಸಲಹೆ ಹೀಗಿದೆ: ಸಂಶಯ ಬಂದರೆ ಮೊದಲು ಆಧಾರಸಹಿತ ಲೇಖಕರಿಗೆ ಬರೆಯಿರಿ. ಉತ್ತರ ಒಪ್ಪುವಂತಿದ್ದು ತಪ್ಪು ಸಣ್ಣದಾದರೆ ತಿದ್ದಿಸಿ. ದೊಡ್ಡ ಕಳವಾದರೆ ತಿರಸ್ಕರಿಸಿ, ಅಗತ್ಯಬಿದ್ದರೆ ಅವರ ಸಂಸ್ಥೆಗೂ ತಿಳಿಸಿ. ತೀರಾ ಹೊಸ ಸಂಶೋಧಕನ ಅರಿಯದ ತಪ್ಪಿಗೂ ಅದರಲ್ಲಿ ಜಾಗವಿದೆ. ಹೊಂದಾಣಿಕೆ ಹುಡುಕುವ ಕ್ರಾಸ್‌ರೆಫ್ ಸಂಸ್ಥೆಯ ತಂತ್ರಾಂಶ ಸೇವೆ 2008ರಲ್ಲಿ ಶುರುವಾಯಿತು.

ನಮ್ಮ ಯುಜಿಸಿ 2018ರಲ್ಲಿ ನಿಯಮ ತಂದು ಕಳವಿಗೆ ಶೇಕಡಾ ಲೆಕ್ಕ ಕೊಟ್ಟಿತು. ಶೇ. 10ರವರೆಗೆ ದಂಡನೆಯಿಲ್ಲ. 10ರಿಂದ 40 ಇದ್ದರೆ ಪ್ರಬಂಧವನ್ನು ತಿದ್ದಿ ಆರು ತಿಂಗಳೊಳಗೆ ಕೊಡಬೇಕು. 60 ಮೀರಿದರೆ ಪಿಎಚ್‌.ಡಿ. ನೋಂದಣಿಯೇ ರದ್ದು. ಅಧ್ಯಾಪಕರು ಪ್ರಕಟಿಸಿದ ಬರಹದಲ್ಲಿ ಅಷ್ಟು ಸಿಕ್ಕರೆ ಎರಡು ವಾರ್ಷಿಕ ಬಡ್ತಿ ಹೋಗುತ್ತದೆ, ಮೂರು ವರ್ಷ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ.

ನನ್ನ ತಕರಾರು ಈ ತೂಕದ ಬಗ್ಗೆ. ವಿದ್ಯಾರ್ಥಿ ಕಳೆದುಕೊಳ್ಳುವುದು ಪದವಿಯನ್ನೇ, ಹಿರಿಯರು ಕಳೆದುಕೊಳ್ಳುವುದು ಬಡ್ತಿಯನ್ನು. ಸುಳ್ಯದ ಆಚೆ ಕೊಲ್ಲಮೊಗ್ರುವಿನಂಥ ಊರಿಂದ ಮನೆಯಲ್ಲಿ ಮೊದಲಿಗಳಾಗಿ ಸಂಶೋಧನೆಗೆ ಹೊರಡುವ ಹುಡುಗಿಗೆ ಇಂಗ್ಲಿಷಿನಲ್ಲಿ ಪೀಠಿಕೆ ಬರೆಯುವುದೇ ಹೆದರಿಕೆ; ಸಿದ್ಧ ವಾಕ್ಯ ಕೈಗೆ ಸಿಗುವುದೂ ಅಲ್ಲೇ. ಅವಳಿಗೆ ಉಲ್ಲೇಖದ ಶಿಸ್ತನ್ನು ಕಲಿಸಬೇಕಾದವರು ಹೆಸರು ಹಂಚಿಕೊಳ್ಳುವ ಹಿರಿಯರು. ಹೆಸರಿನಲ್ಲಿ ಪಾಲು ಪಡೆದವರು ಹೊಣೆಯಲ್ಲೂ ಅಷ್ಟೇ ಪಾಲು ಪಡೆಯುವವರೆಗೆ ಈ ನಿಯಮ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ.